ಗಡಿಯಾರದ ಸುತ್ತ ಒಂದು ಲಾರಿ

ಮನೆಯ ಮುಂದೆ ಹಸಿರು ಇರಬೇಕು ಎಂದು ಟೀಚರಮ್ಮ ಮದುವೆಯಾದ ಹೊಸದರಲ್ಲಿ ಗಂಡನ ಹತ್ತಿರ ಒಂದು ಸಲ ಬಾಯಿತಪ್ಪಿ ಹೇಳಿದ್ದರು. ಆ ಆಸೆ ಇಪ್ಪತ್ತಾರು ವರ್ಷ ತಡವಾಗಿ ಈಡೇರಿತು. ಈಗ ಅವರ ಅಡಿಗೆಮನೆ ಕಿಟಕಿ ತೆರೆದರೆ ಹಸಿರೋ ಹಸಿರು. ಎಡಕ್ಕೆ ನೋಡಿದರೆ ಹಸಿರು, ಬಲಕ್ಕೆ ನೋಡಿದರೆ ಹಸಿರು, ಕತ್ತು ಹೊರಗೆ ಹಾಕಿ ಮೇಲೆ ನೋಡಿದರೂ ಹಸಿರು. (ಕತ್ತನ್ನು ಹೆಚ್ಚು ಹೊರಗೆ ಹಾಕುವಂತಿಲ್ಲ. ಮೂಗಿಗೆ ಗ್ರೀಸ್ ಮೆತ್ತುತ್ತದೆ.) ಏಕೆಂದರೆ ಆ ಹಸಿರು ಗಿಡದ್ದಲ್ಲ, ಮರದ್ದಲ್ಲ. ಮಿಲಿಟರಿಯವರು ಮೂವತ್ತೈದು ವರ್ಷ ದುಡಿಸಿಕೊಂಡು, ಇನ್ನು ನಮ್ಮಿಂದಾಗದು ಎಂದು ಕೈತೊಳೆದುಕೊಂಡಿದ್ದ ಆರು ಗಾಲಿಯ ಲಾರಿಯದು.

ಅದು ಬಂದದ್ದು ಹೀಗೆ.

ಟೀಚರಮ್ಮನ ಯಜಮಾನರು ಗಡಿಯಾರ ರಿಪೇರಿಯವರು. ಪೇಟೆಬೀದಿಯಲ್ಲಿ ಅವರದೊಂದು ಅಂಗಡಿ. ಇಬ್ಬರು ಗಿರಾಕಿಗಳು ಒಟ್ಟಿಗೆ ಬಂದರೆ ಒಬ್ಬರು ರಸ್ತೆಯಲ್ಲಿ ನಿಲ್ಲಬೇಕು, ಅಷ್ಟು ವಿಶಾಲ. ಎಲ್ಲರೂ ಅವರನ್ನು ವಾಚಣ್ಣ ಎಂದೇ ಕರೆಯುತ್ತಿದ್ದರು. ಮೂವತ್ತು ವರ್ಷ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಉಸಿರು ಬಿಟ್ಟರೆ ಹಾರಿಹೋಗುವಂಥ ಸ್ಕ್ರೂಗಳನ್ನು ಚಿಮುಟದಲ್ಲಿ ಹಿಡಿದು ಬದುಕಿದ ಮನುಷ್ಯ. ಸೀನು ಬಂದರೆ ಮೇಜಿನ ಮುಂದೆ ಸೀನುತ್ತಿರಲಿಲ್ಲ. ಎದ್ದು ಬೀದಿಗೆ ಓಡಿ, ಅಲ್ಲಿ ಸೀನಿ, ಮೂಗು ಒರೆಸಿಕೊಂಡು ವಾಪಸು ಬರುತ್ತಿದ್ದರು. ಅಂಥವರ ಮನಸ್ಸಿನ ಮೂಲೆಯಲ್ಲಿ, ಕನ್ನಡಕವಿಲ್ಲದೆ ಕಣ್ಣಿಗೆ ಕಾಣುವ ನಟ್ಟೊಂದನ್ನು ಜೀವಮಾನದಲ್ಲಿ ಒಮ್ಮೆಯಾದರೂ ಎರಡೂ ಕೈಯಲ್ಲಿ ಹಿಡಿದು ತಿರುಗಿಸಬೇಕೆಂಬ ಬಯಕೆ ಬೆಳೆಯುತ್ತಿತ್ತು ಎನ್ನುವುದು ಯಾರಿಗೂ ಗೊತ್ತಿರಲಿಲ್ಲ. ಪ್ರಾಯಶಃ ಅವರಿಗೂ.

ಊರಾಚೆಯ ಮಿಲಿಟರಿ ಡಿಪೋದಲ್ಲಿ ಹಳೆ ಸಾಮಾನಿನ ಹರಾಜು ಎಂದು ಒಂದು ದಿನ ಸುದ್ದಿ ಬಂತು. ಗಡಿಯಾರಗಳು ಇದ್ದರೂ ಇರಬಹುದು, ನೋಡಿಕೊಂಡು ಬರುತ್ತೇನೆ ಎಂದು ವಾಚಣ್ಣನವರು ಹೋದರು. ಸಂಜೆ ಬರಿಗೈಯಲ್ಲಿ ಬಂದರು. ಮುಖ ಮಾತ್ರ ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗನ ಹಾಗಿತ್ತು. (ಇಪ್ಪತ್ತೆರಡು ವರ್ಷ ಪರೀಕ್ಷೆ ನಡೆಸಿದ ಟೀಚರಮ್ಮನಿಗೆ ಆ ಮುಖದ ಗುರುತು ಚೆನ್ನಾಗಿತ್ತು.) ಮಾರನೆ ಬೆಳಿಗ್ಗೆ ಒಂದು ಕ್ರೇನು ಆ ಭೀಮಕಾಯವನ್ನು ಎಳೆದುಕೊಂಡು ಬಂದು ಗೇಟಿನ ಮುಂದೆ ನಿಲ್ಲಿಸಿತು.

"ಏನ್ರೀ ಇದು?"

"ಗಡಿಯಾರ," ಎಂದರು ವಾಚಣ್ಣ.

ಟೀಚರಮ್ಮ ಲಾರಿಯನ್ನು ನೋಡಿದರು, ಗಂಡನನ್ನು ನೋಡಿದರು.

"ಒಳಗಡೆ ಇದೆ ಕಣೇ, ಸ್ಟೀರಿಂಗ್ ಪಕ್ಕ. ಒಂದ್ಸಲ ಕೀಲಿ ಕೊಟ್ರೆ ಎಂಟು ದಿನ ಓಡುತ್ತೆ. ಇಂಥದ್ದು ಈಗ ಎಲ್ಲೂ ಸಿಗಲ್ಲ."

"ಮತ್ತೆ ಇದೆಲ್ಲ?"

"ಗಡಿಯಾರ ಒಂದೇ ಬಿಚ್ಚಿ ಕೊಡಿ ಅಂದೆ. ಹಾಗೆ ಕೊಡೋಕೆ ನಿಯಮ ಇಲ್ಲ ಅಂದ್ರು. ನಾನು ತಗೊಂಡಿದ್ದು ಗಡಿಯಾರಾನೇ. ಅದರ ಸುತ್ತ ಲಾರಿ ಇತ್ತು, ನಾನೇನ್ ಮಾಡ್ಲಿ?"

"ಗಡಿಯಾರದ ಮುಳ್ಳು ನೋಡ್ಕೊಂಡು ಬರ್ತೀನಿ ಅಂತ ಹೋದೋರು ನನ್ನೆದೆಗೇ ಮುಳ್ಳು ತಂದು ನೆಟ್ಟಿರಲ್ಲ!"

ಅಂಗಳಕ್ಕೆ ಅದನ್ನು ನುಗ್ಗಿಸಲು ಗೇಟಿನ ಒಂದು ಕಂಬ ಕೀಳಬೇಕಾಯಿತು. ಕಂಬದ ಜೊತೆಗೆ ಟೀಚರಮ್ಮ ಹತ್ತು ವರ್ಷ ನೀರೆರೆದಿದ್ದ ದಾಸವಾಳದ ಗಿಡವೂ ಹೋಯಿತು. ಅವತ್ತು ನಡೆದ ಜಗಳ ಬೀದಿಗೆಲ್ಲ ಕೇಳಿಸಿತು. ಜಗುಲಿಯಲ್ಲಿ ಕೂತಿದ್ದ ಅತ್ತೆಗೊಬ್ಬರಿಗೆ ಕೇಳಿಸಲಿಲ್ಲ, ಅವರಿಗೆ ಕಿವಿ ಮಂದ. ಜಗಳದ ಕೊನೆಗೆ ಒಂದು ಒಪ್ಪಂದವಾಯಿತು. ವಾಚಣ್ಣ ಬೇಕಾದಷ್ಟು ರಿಪೇರಿ ಮಾಡಿಕೊಳ್ಳಲಿ. ಲಾರಿ ತನ್ನ ಗಾಲಿಯ ಮೇಲೆ ತಾನು ಓಡುವಂತಾದ ದಿನ ಅದನ್ನು ಮಾರಿಬಿಡಬೇಕು. "ಅತ್ತೆ, ನೀವೇ ಸಾಕ್ಷಿ," ಎಂದು ಟೀಚರಮ್ಮ ಕೂಗಿ ಹೇಳಿದರು. ಏನು ಹೇಳಿದರೂ ತಲೆಯಾಡಿಸುವ ಅತ್ತೆ ಇದಕ್ಕೂ ಗಂಭೀರವಾಗಿ ತಲೆಯಾಡಿಸಿದರು.

ಬೀದಿಯವರು ಲಾರಿಗೆ ಕರ್ನಲ್ ಎಂದು ಹೆಸರಿಟ್ಟರು. ಟೀಚರಮ್ಮ ಸವತಿ ಎಂದರು. "ಕರ್ನಲ್ ಗಂಡಸು ಕಣೇ, ಸವತಿ ಹೇಗಾಗ್ತಾರೆ?" ಎಂದು ವಾಚಣ್ಣ ತಕರಾರು ತೆಗೆದರು. "ಬೆಳಿಗ್ಗೆ ಎದ್ದ ತಕ್ಷಣ ಯಾರ ಮುಖ ನೋಡೋಕೆ ಓಡ್ತೀರೋ ಅವರು ಗಂಡಸಾದ್ರೂ ಸವತೀನೇ, ಹೆಂಗಸಾದ್ರೂ ಸವತೀನೇ," ಎಂದರು ಟೀಚರಮ್ಮ.

ಇನ್ನು ರಿಪೇರಿಯ ವೈಭವ. ಲಾರಿ ರಿಪೇರಿ ಮಾಡುವವರು ಸುತ್ತಿಗೆ ಹಿಡಿದು ಶುರುಮಾಡುತ್ತಾರೆ. ವಾಚಣ್ಣ ಹಲ್ಲುಜ್ಜುವ ಬ್ರಷ್ ಹಿಡಿದು ಶುರುಮಾಡಿದರು. ಒಂದೊಂದೇ ನಟ್ಟು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಬಿಳಿ ಬಟ್ಟೆಯ ಮೇಲೆ ಸಾಲಾಗಿ ಒಣಗಿಸಿ, ಚೀಟಿ ಅಂಟಿಸಿ, ಡಬ್ಬಿಯೊಳಗೆ ಮಲಗಿಸುತ್ತಿದ್ದರು. ಡಬ್ಬಿಗಳು ಎಲ್ಲಿಂದ ಬಂದವು ಎಂದು ಕೇಳಬೇಡಿ. ಸಕ್ಕರೆ ಎಂದು ಬರೆದಿದ್ದ ಡಬ್ಬಿ ತೆಗೆದರೆ ಸ್ಪ್ರಿಂಗುಗಳು. ಉಪ್ಪಿನ ಡಬ್ಬಿ ತೆಗೆದರೆ ವಾಷರುಗಳು. ನೆಂಟರೊಬ್ಬರಿಗೆ ಟೀಚರಮ್ಮ ಆತುರದಲ್ಲಿ ಕೊಟ್ಟ ಕಾಫಿಯ ತಳದಲ್ಲಿ ಒಂದು ಹಿತ್ತಾಳೆ ವಾಷರ್ ಸಿಕ್ಕಿತು. "ಅಬ್ಬ, ಸಿಕ್ತಲ್ಲ!" ಎಂದು ವಾಚಣ್ಣ ನೆಂಟರ ಬಾಯಿಯಿಂದಲೇ ಎನ್ನುವಂತೆ ಅದನ್ನು ಕಿತ್ತುಕೊಂಡು ಅಂಗಳಕ್ಕೆ ಓಡಿದರು. ಆ ನೆಂಟರು ಮತ್ತೆ ಬಂದಿಲ್ಲ. (ಲಾರಿಯಿಂದಾದ ಮೊದಲ ಉಪಕಾರ ಅದು ಎಂದು ಟೀಚರಮ್ಮ ಮನಸ್ಸಿನಲ್ಲೇ ಗುರುತು ಹಾಕಿಕೊಂಡರು.)

ಒಂದು ದಿನ ಫ್ರೀಜರ್ ತೆರೆದರೆ ಬಟ್ಟೆಯಲ್ಲಿ ಸುತ್ತಿದ ಗಂಟೊಂದು ಕಂಡಿತು.

"ಏನ್ರೀ ಇದು?"

"ಬೇರಿಂಗು. ಚಳಿಗೆ ಮೈ ಮುದುರಿಕೊಳ್ಳುತ್ತೆ. ಆಗ ಹಬ್ಬಿನೊಳಗೆ ಸಲೀಸಾಗಿ ಕೂರುತ್ತೆ."

"ಹಬ್ಬು ಎಲ್ಲಿ?"

"ಒಲೆ ಮೇಲೆ."

ಟೀಚರಮ್ಮ ತಿರುಗಿ ನೋಡಿದರು. ಇದ್ದದ್ದರಲ್ಲೇ ದೊಡ್ಡ ಪಾತ್ರೆಯಲ್ಲಿ, ಕುದಿಯುವ ನೀರಿನಲ್ಲಿ, ಲಾರಿಯ ಗಾಲಿಯ ನಡುಭಾಗ ಸುಖವಾಗಿ ಸ್ನಾನ ಮಾಡುತ್ತಿತ್ತು.

"ಬಿಸಿಗೆ ಅದು ಮೈ ಬಿಚ್ಚುತ್ತೆ. ಇದು ಮುದುರುತ್ತೆ. ಟಕ್ ಅಂತ ಕೂತುಬಿಡುತ್ತೆ."

"ಒಂದಕ್ಕೆ ಚಳಿ, ಇನ್ನೊಂದಕ್ಕೆ ಬಿಸಿ. ಮಧ್ಯೆ ನನಗೆ ಜ್ವರ," ಎಂದರು ಟೀಚರಮ್ಮ. ಅಂದರಾದರೂ, ವಾಚಣ್ಣ ಎರಡನ್ನೂ ಅಂಗಳಕ್ಕೆ ಓಡಿಸಿಕೊಂಡು ಹೋದಾಗ ಇವರೂ ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತರು. ಬೇರಿಂಗು ನಿಜವಾಗಿಯೂ ಟಕ್ ಎಂದು ಕೂತಿತು. ಎಷ್ಟು ಚೆನ್ನಾಗಿ ಕೂತಿತೆಂದರೆ, ತಪ್ಪು ಹುಡುಕಲು ಬಂದಿದ್ದ ಟೀಚರಮ್ಮ, "ಪಾತ್ರೆ ನೀವೇ ತೊಳೀಬೇಕು," ಎಂದು ಒಳಗೆ ಹೋದರು.

ಆಮೇಲೆ ಬ್ರೇಕಿನ ಸರದಿ ಬಂತು.

"ಬ್ರೇಕ್ ಪೈಪಿನೊಳಗೆ ಗಾಳಿ ಸೇರ್ಕೊಂಡಿದೆ ಕಣೇ. ಬಿಡಿಸ್ಬೇಕು. ನೀನು ಸ್ವಲ್ಪ ಬಾ."

"ಗಾಳಿ ಬಿಡಿಸೋದಾದ್ರೆ ಮೊದಲು ನಿಮಗೆ ಹಿಡಿದಿರೋದನ್ನ ಬಿಡಿಸ್ಬೇಕು. ಯಾರ ಹತ್ರ ಕರ್ಕೊಂಡು ಹೋಗೋದು ಅಂತ ಗೊತ್ತಾಗ್ತಿಲ್ಲ, ಅಷ್ಟೇ."

ಆದರೆ ಈ ಕೆಲಸಕ್ಕೆ ಇಬ್ಬರು ಬೇಕೇ ಬೇಕು. ಒಬ್ಬರು ಮೇಲೆ ಕೂತು ಪೆಡಲ್ ಒತ್ತಬೇಕು. ಇನ್ನೊಬ್ಬರು ಕೆಳಗೆ ಮಲಗಿ, ಗಾಲಿಯ ಹತ್ತಿರದ ಸಣ್ಣ ತಿರುಪನ್ನು ಸಡಿಲಿಸಿ, ಎಣ್ಣೆಯ ಜೊತೆ ಗುಳ್ಳೆ ಹೊರಗೆ ಬರುವುದನ್ನು ನೋಡಿ ಬಿಗಿಯಬೇಕು. ಬಿಗಿಯುವ ತನಕ ಮೇಲಿನವರು ಕಾಲು ತೆಗೆಯಬಾರದು. ಹೀಗೆ ಆರು ಗಾಲಿಗೂ. ಗಂಡಹೆಂಡಿರ ಹೊಂದಾಣಿಕೆಯನ್ನು ಪರೀಕ್ಷಿಸಲು ಇದಕ್ಕಿಂತ ಕಠಿಣವಾದ ವಿಧಾನವನ್ನು ಮನುಷ್ಯ ಇನ್ನೂ ಕಂಡುಹಿಡಿದಿಲ್ಲ. ಟೀಚರಮ್ಮ ತಿದ್ದಬೇಕಾಗಿದ್ದ ಉತ್ತರಪತ್ರಿಕೆಗಳ ಕಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ಮೊದಲ ಸಲ ರಥಾರೋಹಣ ಮಾಡಿದರು.

"ಒತ್ತು!" ಕೆಳಗಿನಿಂದ ಧ್ವನಿ.

"ಒತ್ತಿದೆ."

"ಹಿಡ್ಕೋ!"

"ಹಿಡ್ಕೊಂಡೆ."

"ಬಿಡು!"

"ಬಿಟ್ಟೆ."

"ಅಯ್ಯೋ, ಬಿಡಬೇಡ್ವೇ! ಗಾಳಿ ವಾಪಸ್ ಹೋಯ್ತು!"

"ಈಗ ತಾನೇ ಬಿಡು ಅಂದ್ರಲ್ಲ!"

"ಅದು ಸ್ಪಾನರ್‌ಗೆ ಅಂದಿದ್ದು! ಸಿಕ್ಕಿಹಾಕ್ಕೊಂಡಿತ್ತು!"

"ಸ್ಪಾನರ್ ಹತ್ರ ಮಾತಾಡೋದಾದ್ರೆ ಹೆಸರು ಹಿಡಿದು ಕರೀರಿ. ನನಗೆ ಹೇಗೆ ಗೊತ್ತಾಗ್ಬೇಕು?"

"ಬಿಡು, ಬಿಡು... ಅಮ್ಮಾ, ಕೈ! ಕೈ!"

ಎದುರುಮನೆಯ ದರ್ಜಿ ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡೇ ಓಡಿಬಂದ. ಅಂಗಳದಲ್ಲಿ ವಾಚಣ್ಣ ಕಾಣಲಿಲ್ಲ. ಎತ್ತರದಲ್ಲಿ ಕೆಂಪು ಪೆನ್ನು ಹಿಡಿದ ಟೀಚರಮ್ಮನ ಕೆಂಡದಂಥ ಮುಖ ಮಾತ್ರ ಕಂಡಿತು. ಅವನು ಗೇಟಿನ ಹತ್ತಿರವೇ ನಿಂತು ಕೈಮುಗಿದು, "ಹೋಗ್ಲಿ ಬಿಟ್ಬಿಡಿ ಟೀಚರಮ್ಮ, ಪಾಪ, ವಯಸ್ಸಾದೋರು," ಎಂದ.

ಆರು ಗಾಲಿಗೆ ನಾಲ್ಕು ಭಾನುವಾರ ಹಿಡಿಯಿತು. ಮೊದಲ ಭಾನುವಾರ ಟೀಚರಮ್ಮ ಗೊಣಗುತ್ತ ಹತ್ತಿದರು. ಎರಡನೆಯ ಭಾನುವಾರ ಒಂದು ದಿಂಬು ತೆಗೆದುಕೊಂಡು ಹತ್ತಿದರು. ಮೂರನೆಯ ಭಾನುವಾರ, ಯಾರೂ ಕರೆಯುವ ಮುಂಚೆಯೇ ಹತ್ತಿ ಕೂತಿದ್ದರು. ಯಾಕೆಂದರೆ ಆ ಸೀಟು ಒಂದು ಅದ್ಭುತವಾದ ಜಾಗ. ಅಲ್ಲಿ ಕೂತರೆ ಎಲ್ಲರ ಕಾಂಪೌಂಡ್ ಗೋಡೆಯಾಚೆಯೂ ಕಾಣುತ್ತದೆ. ಬೀದಿ ತಿರುಗಿ ನೀರಿನ ಟ್ಯಾಂಕಿನವರೆಗೂ ಕಣ್ಣು ಹೋಗುತ್ತದೆ. ಗಾಳಿ ಬೀಸುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಅಲ್ಲಿಗೆ ಹತ್ತಿಬಂದು "ನನ್ನ ಕನ್ನಡಕ ಎಲ್ಲಿಟ್ಟೆ?" ಎಂದು ಯಾರೂ ಕೇಳುವುದಿಲ್ಲ. ಮನೆಯಲ್ಲಿ ನಾಲ್ಕು ದಿನ ಹಿಡಿಯುತ್ತಿದ್ದ ಉತ್ತರಪತ್ರಿಕೆಗಳು ಇಲ್ಲಿ ಒಂದೇ ಬೆಳಿಗ್ಗೆ ಮುಗಿಯುತ್ತಿದ್ದವು. ನಾಲ್ಕನೆಯ ಭಾನುವಾರ, ಕಡೆಯ ಗಾಲಿಯ ಕಡೆಯ ಗುಳ್ಳೆ ಹೊರಬಿದ್ದಾಗ, ಅಷ್ಟು ದಿನ ಮೆತ್ತಗೆ ಕುಸಿಯುತ್ತಿದ್ದ ಪೆಡಲ್ ಅವರ ಪಾದದ ಕೆಳಗೆ ಇದ್ದಕ್ಕಿದ್ದಂತೆ ಕಲ್ಲಿನ ಹಾಗೆ ಗಟ್ಟಿಯಾಯಿತು. ಟೀಚರಮ್ಮನಿಗೆ ಮೈ ಝುಂ ಎಂದಿತು. ಕಷ್ಟದ ಲೆಕ್ಕದ ಶೇಷ ಸೊನ್ನೆ ಬಂದಾಗ ಹಾಗಾಗುವುದುಂಟು. ಅವರು ಅದನ್ನು ಯಾರಿಗೂ ಹೇಳಲಿಲ್ಲ.

ಬ್ರೇಕಾದ ಮೇಲೆ ಮೈಗೆಲ್ಲ ಹೊಸ ಹಸಿರು ಬಣ್ಣ, ಬಣ್ಣವಾದ ಮೇಲೆ ಎಂಜಿನ್. ಅದು ಸ್ಟಾರ್ಟ್ ಆದ ದಿನ ಅತ್ತೆ ಜಗುಲಿಯಿಂದ ಎದ್ದು ನಿಂತು, "ಕೇಳಿಸ್ತು! ನನಗೆ ಕೇಳಿಸ್ತು!" ಎಂದು ಕೂಗಿಬಿಟ್ಟರು. ಏಳು ವರ್ಷಗಳಿಂದ ಮಗನ ಮಾತು, ಸೊಸೆಯ ಮಾತು, ಬಾಗಿಲ ಗಂಟೆ ಯಾವುದೂ ಕೇಳದ ಕಿವಿಗೆ ಕರ್ನಲ್ ಸಾಹೇಬರ ಗರ್ಜನೆ ಕೇಳಿಸಿತ್ತು. ಅಂದಿನಿಂದ ಅವರ ಪಕ್ಷ ಯಾವುದೆಂದು ತೀರ್ಮಾನವಾಯಿತು.

ಆದರೆ ಆ ಗರ್ಜನೆ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. ಕೆಲವು ನಿಮಿಷ ಚೆನ್ನಾಗಿ ಓಡಿ, ಆಮೇಲೆ ತೊದಲಿ, ಬಿಕ್ಕಿ, ಎಂಜಿನ್ ನಿಂತುಹೋಗುತ್ತಿತ್ತು. ವಾಚಣ್ಣ ಇಳಿದು, ಟ್ಯಾಂಕಿನ ಮುಚ್ಚಳ ತೆಗೆದು ಡೀಸೆಲ್ ಇದೆಯೇ ಎಂದು ನೋಡಿ, ಮುಚ್ಚಿ, ಯಾವುದೋ ಒಂದು ನಟ್ಟನ್ನು ಬಿಗಿಮಾಡುತ್ತಿದ್ದರು. ಮತ್ತೆ ಸ್ಟಾರ್ಟ್ ಆಗುತ್ತಿತ್ತು. "ನೋಡಿದ್ಯಾ, ಆ ನಟ್ಟೇ!" ಎನ್ನುವಷ್ಟರಲ್ಲಿ ಮತ್ತೆ ಬಿಕ್ಕಳಿಕೆ. ತಪ್ಪು ಡೀಸೆಲ್ ಪಂಪಿನದೇ ಎಂದು ಅವರಿಗೆ ಖಾತ್ರಿಯಾಗಿತ್ತು. ನಿಜ ಹೇಳಬೇಕೆಂದರೆ, ತಪ್ಪು ಪಂಪಿನದಾಗಿರಲಿ ಎಂಬುದೇ ಅವರ ಆಸೆ. ಇಡೀ ಲಾರಿಯಲ್ಲಿ ಗಡಿಯಾರಕ್ಕೆ ಹತ್ತಿರದ ಸಂಬಂಧಿ ಎಂದರೆ ಅದೊಂದೇ. ಒಳಗೆಲ್ಲ ಸಣ್ಣ ಸ್ಪ್ರಿಂಗು, ಸಣ್ಣ ಕವಾಟ. ಅದನ್ನು ಮೂರು ಸಲ ಬಿಚ್ಚಿ, ಮೂರು ಸಲ ಜೋಡಿಸಿದರು. ಮೂರು ಸಲವೂ ಭೂತಗನ್ನಡಿ ಸಿಕ್ಕಿಸಿಕೊಂಡು, ಸೀನಲು ಬೀದಿಗೆ ಓಡುತ್ತ.

ಟೀಚರಮ್ಮ ಎಂಜಿನ್ ಓಡುವಾಗಲೆಲ್ಲ ಮೇಲೆ ಕೂತು ಪತ್ರಿಕೆ ತಿದ್ದುತ್ತಿದ್ದರು. (ವಾಚಣ್ಣನಿಗೆ ಸಹಾಯ ಮಾಡಲು ಎಂಬುದು ಅಧಿಕೃತ ಹೇಳಿಕೆ.) ಪರೀಕ್ಷೆಯ ಕೊಠಡಿಯಲ್ಲಿ ಹೊತ್ತು ಬರೆದಿಡುವ ಅಭ್ಯಾಸ, ಇಲ್ಲಿಯೂ ಎಂಜಿನ್ ಶುರುವಾದ ಹೊತ್ತು, ನಿಂತ ಹೊತ್ತು ಯಾವುದೋ ಹುಡುಗಿಯ ಪತ್ರಿಕೆಯ ಅಂಚಿನಲ್ಲಿ ಬರೆದಿಟ್ಟರು. ಟ್ಯಾಂಕು ತುಂಬಿದ್ದಾಗ ಒಂಬತ್ತು ನಿಮಿಷ. ಎರಡು ವಾರದ ಮೇಲೆ, ಅರ್ಧ ಆಗಿದ್ದಾಗ ಇಪ್ಪತ್ತೆರಡು. ತಳ ಕಾಣುವ ಹೊತ್ತಿಗೆ ಮೂವತ್ತೆಂಟು. ಟೀಚರಮ್ಮ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಹೊಟ್ಟೆ ತುಂಬಿದಾಗ ಬೇಗ ಸುಸ್ತು. ಹೊಟ್ಟೆ ಖಾಲಿಯಾದಷ್ಟೂ ಹೆಚ್ಚು ದುಡಿಮೆ! (ಮೊದಲನೆಯದು ಅವರ ಯಜಮಾನರಿಗೂ ಸರಿಯಾಗಿ ಹೊಂದುತ್ತಿತ್ತು. ಎರಡನೆಯದು ಹೊಂದುತ್ತಿರಲಿಲ್ಲ.)

ಸೋಮವಾರ ಶಾಲೆಯಲ್ಲಿ ತೊಟ್ಟಿಯ ಲೆಕ್ಕ. ಒಂದು ತೊಟ್ಟಿ, ಒಂದು ನಲ್ಲಿಯಿಂದ ನೀರು ಒಳಗೆ ಬರುತ್ತದೆ, ಇನ್ನೊಂದರಿಂದ ಹೊರಗೆ ಹೋಗುತ್ತದೆ, ಎಷ್ಟು ಹೊತ್ತಿನಲ್ಲಿ ಖಾಲಿಯಾಗುತ್ತದೆ? ಇಪ್ಪತ್ತೆರಡು ವರ್ಷದಿಂದ ಬರೆದದ್ದನ್ನೇ ಬರೆಯುತ್ತಿದ್ದ ಟೀಚರಮ್ಮನ ಸೀಮೆಸುಣ್ಣ ಅರ್ಧಕ್ಕೆ ನಿಂತಿತು. ಹೊರಗೆ ಹೋಗುತ್ತದೆ, ಸರಿ. ಆ ಖಾಲಿ ಜಾಗಕ್ಕೆ ಏನು ಬರುತ್ತದೆ? ತೊಟ್ಟಿ ಬಾಯಿ ತೆರೆದಿರುತ್ತದೆ, ಗಾಳಿ ಬರುತ್ತದೆ. ಬಾಯಿ ಮುಚ್ಚಿದ್ದರೆ? ಒಳಗಿರುವ ಗಾಳಿ ಹಿಗ್ಗುವಷ್ಟು ಹಿಗ್ಗಿ, ಆಮೇಲೆ ಹೊರಗೆ ಹೋಗುವುದೂ ನಿಲ್ಲುತ್ತದೆ, ತುಂಬಿದ ತೊಟ್ಟಿಯಲ್ಲಿ ಗಾಳಿ ಕಡಿಮೆ, ಅದಕ್ಕೇ ಬೇಗ!

"ಮಕ್ಕಳೇ, ಉಳಿದದ್ದು ನೀವೇ ಮಾಡ್ಕೊಳ್ಳಿ," ಎಂದು ಅವರು ಕುರ್ಚಿಯ ಮೇಲೆ ಕೂತುಬಿಟ್ಟರು. ಟೀಚರಮ್ಮನಿಗೆ ತಲೆಸುತ್ತು ಬಂದಿದೆ ಎಂದು ಮಕ್ಕಳೆಲ್ಲ ಸಂತೋಷದಿಂದ ಪಿಸುಗುಟ್ಟಿದರು.

ನಾಲ್ಕು ಗಂಟೆಗೆ ಮನೆಗೆ ಬಂದವರು ಚೀಲ ಒಗೆದು ನೇರ ಲಾರಿ ಹತ್ತಿದರು. ಗಂಡ ಇನ್ನೂ ಅಂಗಡಿಯಲ್ಲಿದ್ದರು. ಸ್ಟಾರ್ಟ್ ಮಾಡಿ, ಅದು ಬಿಕ್ಕಿ ನಿಲ್ಲುವ ತನಕ ಕಾದು, ಇಳಿದು ಹೋಗಿ ಟ್ಯಾಂಕಿನ ಮುಚ್ಚಳ ತಿರುಗಿಸಿದರು. ಸುಯ್ಯ್ಯ್ ಎಂದು ಟ್ಯಾಂಕು ಉದ್ದಕ್ಕೆ ಉಸಿರೆಳೆದುಕೊಂಡಿತು, ನೀರಿನಲ್ಲಿ ಮುಳುಗಿ ಎದ್ದವರ ಹಾಗೆ. (ಇದನ್ನು ವಾಚಣ್ಣ ಒಂದು ದಿನವೂ ಕೇಳಿರಲಿಲ್ಲ. ಮುಚ್ಚಳ ತೆಗೆಯುವಾಗಲೆಲ್ಲ ಅವರು ಪಂಪಿಗೆ ಬೈಯುತ್ತಿದ್ದರು.) ಮುಚ್ಚಳವನ್ನು ಮಗುಚಿ ನೋಡಿದರೆ ನಡುವೆ ಗುಂಡುಪಿನ್ನಿನ ತಲೆಯಷ್ಟು ತೂತು. ಮೇಲಿನಿಂದ ನೋಡಿದರೆ ತೂತೇ ಇಲ್ಲ. ಅದರ ಮೇಲೆ ನುಣ್ಣಗೆ, ಹೊಳೆಯುವ ಹಾಗೆ, ಮೂರು ಕೋಟ್ ಹಸಿರು ಬಣ್ಣ. ಬಳಿದವರು ಯಾರೆಂದು ಹೇಳಬೇಕಾಗಿಲ್ಲ. ತಿಂಗಳುಗಟ್ಟಲೆ ಆ ಮಹಾನುಭಾವರು ಲಾರಿಯ ಮೂಗು ತಾವೇ ಮುಚ್ಚಿ, ಉಸಿರು ಯಾಕೆ ಕಟ್ಟುತ್ತಿದೆ ಎಂದು ಅದರ ಹೃದಯ ಬಿಚ್ಚಿ ನೋಡುತ್ತಿದ್ದರು.

ಟೀಚರಮ್ಮ ತಲೆಯಿಂದ ಹೇರ್‌ಪಿನ್ ಕಿತ್ತು ಬಣ್ಣ ಚುಚ್ಚಿ ತೆಗೆದರು. ಮುಚ್ಚಳ ಹಾಕಿ, ಸ್ಟಾರ್ಟ್ ಮಾಡಿ, ಬಟಾಣಿ ಸುಲಿಯುತ್ತ ಮೇಲೆ ಕೂತರು. ಬುಟ್ಟಿ ಬಟಾಣಿ ಮುಗಿಯಿತು. ಎಂಜಿನ್ ನಿಲ್ಲಲಿಲ್ಲ. ಕೊನೆಗೆ ಇವರೇ ನಿಲ್ಲಿಸಬೇಕಾಯಿತು.

ಸಂಜೆ ವಾಚಣ್ಣ ಬರುತ್ತಲೇ ತೋಳು ಮಡಚಿದರು. "ಪಂಪು ನಾಲ್ಕನೇ ಸಲ ಬಿಚ್ಚಬೇಕು."

"ಬಿಚ್ಚೋಕೆ ಮುಂಚೆ ಒಂದ್ಸಲ ಸ್ಟಾರ್ಟ್ ಮಾಡಿ ನೋಡಿ."

ಮಾಡಿದರು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು, ನಲವತ್ತಾಯಿತು. ವಾಚಣ್ಣ ನಿಂತ ಜಾಗದಲ್ಲೇ ನಿಂತಿದ್ದರು. ಒಂದು ಗಂಟೆಯಾದಾಗ ಅವರ ಕಣ್ಣು ತುಂಬಿತು. "ಮೂರನೇ ಸಲ ಬಿಚ್ಚಿದಾಗ ಆ ಸಣ್ಣ ಸ್ಪ್ರಿಂಗನ್ನ ಸ್ವಲ್ಪ ಆ ಕಡೆ ತಿರುಗಿಸಿ ಕೂರಿಸಿದ್ದೆ ಕಣೇ. ಅದೇ. ಅದರಿಂದಾನೇ. ಈ ಕೈಗೆ ಸಿಕ್ಕಿಬಿಡ್ತು ನೋಡು!"

ಟೀಚರಮ್ಮ ಬಾಯಿ ತೆರೆದರು. ಗಂಡ ತಮ್ಮ ಸಣ್ಣ ಸಣ್ಣ ಬೆರಳುಗಳನ್ನು ಆಗ ತಾನೇ ಹುಟ್ಟಿದ ಕೂಸನ್ನು ನೋಡುವ ಹಾಗೆ ನೋಡಿಕೊಳ್ಳುತ್ತಿದ್ದರು. ಟೀಚರಮ್ಮ ಬಾಯಿ ಮುಚ್ಚಿದರು. ಆಮೇಲೆ, "ಅದೇ ಇರಬೇಕು," ಎಂದರು.

ಮುಂದಿನ ಭಾನುವಾರ ಮೂವರೂ ಕರ್ನಲ್ ಏರಿ ದಿಗ್ವಿಜಯಕ್ಕೆ ಹೊರಟರು. ಭಾರಿ ವಾಹನದ ಲೈಸೆನ್ಸಿಗೆಂದು ಮೂರು ಸಲ ಪರೀಕ್ಷೆ ಕೊಟ್ಟು ಪಾಸಾಗಿದ್ದ ವಾಚಣ್ಣ ಸ್ಟೀರಿಂಗ್ ಹಿಡಿದರು. ಅತ್ತೆ ನಡುವೆ. ಗೇರ್ ಬದಲಿಸಬೇಕಾದರೆ ಆ ಲಾರಿಯಲ್ಲಿ ಕ್ಲಚ್ಚನ್ನು ಒಂದು ಸಲ ತುಳಿದು ಬಿಟ್ಟು, ಮತ್ತೊಂದು ಸಲ ತುಳಿಯಬೇಕು. ಇಲ್ಲವಾದರೆ ಗೇರ್‌ಬಾಕ್ಸು ಹಲ್ಲು ಕಡಿಯುತ್ತದೆ. "ಎರಡು ಸಲ! ಎರಡು ಸಲ!" ಎಂದು ಟೀಚರಮ್ಮ ದಾರಿಯುದ್ದಕ್ಕೂ ಮಗ್ಗಿ ಹೇಳಿಸುವ ಧಾಟಿಯಲ್ಲಿ ಹೇಳಿಕೊಟ್ಟರು. ಬಸ್ ನಿಲ್ದಾಣದಲ್ಲಿ ನಿಂತಿದ್ದ ಮುದುಕರೊಬ್ಬರು ಸೆಲ್ಯೂಟ್ ಹೊಡೆದರು. ಅತ್ತೆ ಗಂಭೀರವಾಗಿ ಸೆಲ್ಯೂಟ್ ಹಿಂದಿರುಗಿಸಿದರು. ನೀರಿನ ಟ್ಯಾಂಕ್ ಸುತ್ತಿ ಮನೆಗೆ ಬಂದಾಗ ಮೂವರ ಮುಖದಲ್ಲೂ ಧೂಳು, ಮೂವರ ಮುಖದಲ್ಲೂ ನಗು.

ಓಡಿತಲ್ಲ. ಇನ್ನು ಒಪ್ಪಂದದ ಪ್ರಕಾರ ಮಾರಬೇಕು.

ಇಂಥ ಮಾತನ್ನು ಟೀಚರಮ್ಮ ಬಿಡುವವರಲ್ಲ. ಹದಿನಾಲ್ಕು ತಿಂಗಳು ದಿನವೂ ಅದನ್ನೇ ಹೇಳಿದ್ದಾರೆ. ಗಂಡ ಅಳುತ್ತಾರೆ, ಹಠ ಹಿಡಿಯುತ್ತಾರೆ, ಊಟ ಬಿಡುತ್ತಾರೆ ಎಂದು ಉತ್ತರಗಳನ್ನೆಲ್ಲ ಮೊದಲೇ ಸಿದ್ಧಮಾಡಿಕೊಂಡು ಮಾತು ತೆಗೆದರು. ವಾಚಣ್ಣ ಪೇಪರಿನಿಂದ ತಲೆಯೆತ್ತಿ, "ಆಗ್ಲಿ. ಮಾತು ಅಂದ್ರೆ ಮಾತು. ನಿನ್ನ ತಮ್ಮನಿಗೆ ಹೇಳು, ಗಿರಾಕಿ ಕರ್ಕೊಂಡ್ಬರ್ಲಿ," ಎಂದರು.

ಟೀಚರಮ್ಮನಿಗೆ ಸಿಟ್ಟೇ ಬಂತು. ಅಷ್ಟು ಸುಲಭವಾಗಿ ಒಪ್ಪುವುದೇ? ಕರುಳು ಎಂಬುದು ಬೇಡವೇ?

ತಮ್ಮನೋ, ಹಳೆ ವಾಹನಗಳ ದಲ್ಲಾಳಿ. ಮಾತಿನಲ್ಲಿ ಎತ್ತಿದ ಕೈ. ಶನಿವಾರ ಮಧ್ಯಾಹ್ನ ಒಬ್ಬ ಹೋಟೆಲ್ ಮಾಲೀಕನನ್ನು ಕರೆದುಕೊಂಡು ಬಂದ. ಬಿಳಿ ಪ್ಯಾಂಟು, ಕಪ್ಪು ಕನ್ನಡಕ. ಆತ ಲಾರಿಯ ಸುತ್ತ ಒಂದು ಸುತ್ತು ಬಂದು, ಬೂಟಿನಿಂದ ಟೈರಿಗೆ ಒಂದು ಒದೆ ಕೊಟ್ಟ.

"ಒದೀಬೇಡಿ," ಎಂದರು ಟೀಚರಮ್ಮ.

"ಟೈರು ನೋಡಿದೆ ಮೇಡಂ, ಅಷ್ಟೇ."

"ಕಣ್ಣಿಂದ ನೋಡಿ."

ವಾಚಣ್ಣ ಬಾನೆಟ್ ಎತ್ತಿ ಎಂಜಿನ್ ತೋರಿಸಲು ಹೋದರು. ಮಾಲೀಕ ಕೈಯಾಡಿಸಿದ. "ಎಂಜಿನ್ ಬೇಡ ಯಜಮಾನ್ರೇ. ಅದನ್ನ ಕಿತ್ತು ಗುಜರಿಗೆ ಹಾಕ್ತೀವಿ. ಆ ಜಾಗದಲ್ಲಿ ಐಸ್‌ಕ್ರೀಂ ಫ್ರೀಜರ್ ಕೂರುತ್ತೆ. ಮೇಲೆ ನಾಲ್ಕು ಟೇಬಲ್ಲು. ಹೋಟೆಲ್ ಮುಂದೆ ನಿಲ್ಲಿಸಿ ಗುಲಾಬಿ ಬಣ್ಣ ಹೊಡೀತೀವಿ, ಮಕ್ಕಳಿಗೆ ಖುಷಿಯಾಗುತ್ತೆ."

ಟೀಚರಮ್ಮ ಲಾರಿಗೂ ಆತನಿಗೂ ನಡುವೆ ಬಂದು ನಿಂತರು.

"ಏನಂದ್ರಿ?" ಎಂದರು ಟೀಚರಮ್ಮ. ಏಳನೆಯ ತರಗತಿಯವರು ಈ ಧ್ವನಿ ಕೇಳಿದ್ದರೆ ಬೆಂಚಿನ ಕೆಳಗೆ ಸೇರಿಕೊಳ್ಳುತ್ತಿದ್ದರು. "ಗುಜರಿ? ಈ ಎಂಜಿನ್ನು ಗುಜರಿಗೆ? ಬಟಾಣಿ ಸುಲಿಯೋಷ್ಟು ಹೊತ್ತು ಒಂದು ಬಿಕ್ಕಳಿಕೆ ಇಲ್ಲದೆ ಓಡುತ್ತೆ ಇದು! ಆರು ಗಾಲಿಗೂ ನಾಲ್ಕು ಭಾನುವಾರ ಕೂತು ಬ್ರೇಕ್ ಒತ್ತಿದೀನಿ, ಈ ಕಾಲಲ್ಲಿ! ಬೇರಿಂಗ್ ನಮ್ಮನೆ ಫ್ರೀಜರ್‌ನಲ್ಲಿ ಮಲಗಿತ್ತು, ನಿಮ್ಮ ಐಸ್‌ಕ್ರೀಂ ಅಲ್ಲ!"

"ಅಕ್ಕಾ, ಸುಮ್ನಿರು," ಎಂದ ತಮ್ಮ. "ನೀನೇ ತಾನೇ ಮಾರ್ಸು ಅಂದಿದ್ದು?"

"ಓಡ್ಸೋರಿಗೆ ಮಾರ್ಸು ಅಂದೆ. ಕೊಲ್ಲೋರಿಗಲ್ಲ!"

"ಅಲ್ಲ ಮೇಡಂ, ಹಳೆ ಲಾರಿ, ನಡು ದಾರೀಲಿ ನಿಂತ್ಹೋಗುತ್ತೆ..."

"ಯಾಕೆ ನಿಂತ್ಹೋಗುತ್ತೆ? ಮುಚ್ಚಳದ ತೂತು ಬಣ್ಣದಿಂದ ಮುಚ್ಚಿದ್ರೆ ನಿಂತ್ಹೋಗುತ್ತೆ. ನಾನೇ ಹೇರ್‌ಪಿನ್ನಲ್ಲಿ ಚುಚ್ಚಿ ಸರಿಮಾಡಿದೀನಿ. ಆಮೇಲೆ ಒಂದ್ಸಲಾನೂ ನಿಂತಿಲ್ಲ, ಗೊತ್ತಾ ನಿಮಗೆ?"

ಬಾನೆಟ್ ಕೆಳಗಿದ್ದ ವಾಚಣ್ಣನ ತಲೆ ನಿಧಾನವಾಗಿ ಹೊರಗೆ ಬಂತು.

ಆ ಹೊತ್ತಿಗೆ ಅತ್ತೆಯೂ ಕೋಲೂರಿಕೊಂಡು ಇಳಿದು ಬಂದಿದ್ದರು. ಮಾತು ಕೇಳಿಸದಿದ್ದರೂ ಯುದ್ಧ ಯಾರ ಮೇಲೆ ಎಂದು ಅವರಿಗೆ ಅರ್ಥವಾಗಿತ್ತು. ಅವರು ಕೋಲನ್ನು ಗೇಟಿನ ಕಡೆ ಚಾಚಿ ಬಿಳಿ ಪ್ಯಾಂಟಿನವನಿಗೆ ದಾರಿ ತೋರಿಸಿದರು. ಆತ ಕಾಲಿಗೆ ಬುದ್ಧಿ ಹೇಳಿದ. "ಇನ್ಮೇಲೆ ನಿಮ್ಮನೆ ವ್ಯವಹಾರಕ್ಕೆ ನಾನು ತಲೆ ಹಾಕಿದ್ರೆ ಕೇಳಿ ಬಾವ," ಎಂದು ತಮ್ಮನೂ ಅವನ ಹಿಂದೆಯೇ ಹೊರಟ.

ಗಂಡ ಹೆಂಡತಿ ಜಗುಲಿ ಮೆಟ್ಟಿಲ ಮೇಲೆ ಕೂತರು. 

"ಆ ತೂತು ನೀನು ತೆಗೆದಿದ್ದಾ?"

"ಹೂಂ."

"ಪಂಪಿನ ಸ್ಪ್ರಿಂಗ್ ಅಲ್ವಾ?"

"ಅಲ್ಲ."

"ಅಂಗಡಿಗೆ ಬಂದೋರಿಗೆಲ್ಲ ಹೇಳಿದೀನಲ್ಲೇ."

"ಗೊತ್ತು. ನಮ್ಮ ಹೆಡ್‌ಮಾಸ್ಟರಿಗೂ ಹೇಳಿದೀರಿ. ಬೇಜಾರಾಯ್ತಾ?"

ವಾಚಣ್ಣ ಗಲ್ಲ ಕೆರೆದುಕೊಂಡರು.  ಆದರೆ ಅದು ಬೇಜಾರಿನ ಮುಖವಾಗಿರಲಿಲ್ಲ. ಕಾಪಿ ಹೊಡೆದು ಸಿಕ್ಕಿಬಿದ್ದವನ ಮುಖ.

"ಬೇಜಾರೇನಿಲ್ಲ. ನೀನು ಒಂದು ಹೇಳಿದೆ, ನಾನೂ ಒಂದು ಹೇಳ್ಬೇಕು. ಗಡಿಯಾರ ರಿಪೇರಿ ಆದ್ಮೇಲೆ ಗಿರಾಕಿ ಬಂದು ತಗೊಂಡ್ಹೋಗ್ತಾನೆ, ಅಲ್ವಾ? ಅದು ಹೋದ್ರೇ ತಾನೇ ಮುಂದಿನದು ಬಿಚ್ಚೋಕೆ ಟೇಬಲ್ ಖಾಲಿಯಾಗೋದು. ಕರ್ನಲ್ ಹೋಗ್ತಾರಲ್ಲ, ಅಂಗಳ ಖಾಲಿಯಾಗುತ್ತಲ್ಲ ಅಂದ್ಕೊಂಡು..."

"ಅಂದ್ಕೊಂಡು?"

"ಗುರುವಾರ ಡಿಪೋಗೆ ಹೋಗಿದ್ದೆ. ಇನ್ನೊಂದು ತಗೊಂಡಿದೀನಿ."

"ಇನ್ನೊಂದು ಏನು?"

"ಸ್ವಲ್ಪ ದೊಡ್ಡದು."

"ಎಷ್ಟು ದೊಡ್ಡದು?"

"ಗಾಲಿ ಹತ್ತು. ಬೆನ್ನ ಮೇಲೆ ಒಂದು ಪೂರ್ತಿ ವರ್ಕ್‌ಶಾಪೇ ಇದೆ ಕಣೇ! ಸೋಮವಾರ ತರಬೇಕು." ಅವರು ಹೆಂಡತಿಯಿಂದ ಒಂದು ಗೇಣು ದೂರ ಸರಿದು ಕೂತರು. "ಹದಿನಾಲ್ಕು ತಿಂಗಳಿಂದ ನೀನು ದಿನಾ ಮಾರಿಸ್ತೀನಿ ಮಾರಿಸ್ತೀನಿ ಅಂತಿದ್ದೆ. ಇಪ್ಪತ್ತೇಳು ವರ್ಷದಲ್ಲಿ ಮೊದಲ್ನೇ ಸಲ ನಿನ್ನ ಮಾತು ಪೂರ್ತಿ ನಂಬಿದೆ. ನೋಡು, ಹೀಗಾಯ್ತು."

ಟೀಚರಮ್ಮ ಎದ್ದರು. ಅಂಗಳದ ಉದ್ದವನ್ನು ಹೆಜ್ಜೆಯಲ್ಲಿ ಅಳೆದರು, ಅಗಲವನ್ನು ಅಳೆದರು, ಮನಸ್ಸಿನಲ್ಲೇ ಕೂಡಿ ಕಳೆದರು. ಕರ್ನಲ್ಲನ್ನು ಪೂರ್ತಿ ಹಿಂದಕ್ಕೆ ಸರಿಸಿದರೆ ಹೊಸದು ಹಿಡಿಯುತ್ತದೆ. ಹಿಡಿದ ಮೇಲೆ ಮಲಗುವ ಕೋಣೆಯ ಕಿಟಕಿಯೂ ಹೋಗುತ್ತದೆ, ಗೇಟಿನ ಉಳಿದ ಕಂಬವೂ ಹೋಗುತ್ತದೆ. ಬೈಗುಳಗಳು ಸಾಲಾಗಿ ನಾಲಿಗೆಯ ತುದಿಗೆ ಬಂದು ನಿಂತವು. ಹೋಟೆಲಿನವನ ಮೇಲೆ ಅಷ್ಟೆಲ್ಲ ಖರ್ಚಾಗಿದ್ದರಿಂದಲೋ ಏನೋ, ಒಂದೂ ಹೊರಗೆ ಬರಲಿಲ್ಲ. ಅವರು ವಾಪಸು ಬಂದು ಮೆಟ್ಟಿಲ ಮೇಲೆ ಕೂತರು.

"ಸ್ಟಾರ್ಟ್ ಆಗುತ್ತಾ?"

"ಎಲ್ಲಿ! ಆಗಲ್ಲ. ಕರ್ನಲ್‌ಗೇ ಸರಪಳಿ ಕಟ್ಟಿ ಎಳೆದು ತರಬೇಕು."

"ಸ್ಟಾರ್ಟರ್ ಒತ್ತಿದ್ರೆ ಏನು ಸದ್ದು ಬರುತ್ತೆ?"

ವಾಚಣ್ಣ ಅನುಮಾನದಿಂದ ಹೆಂಡತಿಯ ಮುಖ ನೋಡಿದರು. ಆಮೇಲೆ ಕೆನ್ನೆ ಉಬ್ಬಿಸಿ, ಕಣ್ಣು ಮೇಲೆ ಮಾಡಿ, "ಗ್ರ್ರ್ರ್... ಟಕ್... ಖೊಂಯ್," ಎಂದರು.

"ಟಕ್ ಮೊದಲಾ, ಖೊಂಯ್ ಮೊದಲಾ?"

"ಟಕ್ ಮೊದಲು. ಗ್ರ್ರ್ರ್... ಟಕ್... ಟಕ್... ಖೊಂಯ್."

"ಈಗ ಎರಡು ಟಕ್ ಮಾಡಿದ್ರಿ. ಆಗ ಒಂದೇ ಮಾಡಿದ್ರಿ. ಸರಿಯಾಗಿ ಹೇಳಿ, ಒಂದೋ ಎರಡೋ?"

ಅತ್ತೆ ಮಗನ ಬಾಯಿಯನ್ನೇ ಗಾಬರಿಯಿಂದ ನೋಡುತ್ತಿದ್ದವರು, ಒಳಗೆ ಹೋಗಿ ಒಂದು ಲೋಟ ನೀರು ತಂದು ಅವರ ಕೈಗೆ ಕೊಟ್ಟು ಬೆನ್ನು ಸವರಿದರು. ವಾಚಣ್ಣ ನೀರು ಕುಡಿದರು. ಟೀಚರಮ್ಮ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು, ಗೋಡೆಗೆ ಒರಗಿ, ಕಣ್ಣು ಮುಚ್ಚಿದರು.

"ಹೂಂ. ಇನ್ನೊಂದ್ಸಲ. ನಿಧಾನವಾಗಿ."

ವಾಚಣ್ಣ ಕೆಮ್ಮಿ ಗಂಟಲು ಸರಿಮಾಡಿಕೊಂಡು ಮೊದಲಿನಿಂದ ಶುರುಮಾಡಿದರು.